ಲಸಿಕೆ, ಲಾಕ್‌ಡೌನ್, ಮಾಸ್ಕ್ ಬಗ್ಗೆ ಬಂದ ಮೆಸೇಜನ್ನು ಪರೀಕ್ಷಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಲಸಿಕೆ ಬಗ್ಗೆ ಒಂದು ಮೆಸೇಜ್ ಬರುತ್ತದೆ. ಓದಿದವರು ಅದನ್ನು ಹಾಗೇ ಕಾಪಿ ಮಾಡಿ ಗೂಗಲ್‌ಗೆ ಹಾಕುತ್ತಾರೆ. ಅರ್ಧ ಲಿಂಕುಗಳು ಹೌದು ಅನ್ನುತ್ತವೆ, ಇನ್ನರ್ಧ ಇಲ್ಲ ಅನ್ನುತ್ತವೆ. ಕೊನೆಗೆ ಮೊದಲೇ ಏನು ನಂಬಿದ್ದರೋ ಅದಕ್ಕೆ ಹೊಂದುವ ಲಿಂಕನ್ನೇ ಎತ್ತಿಕೊಂಡು ಬರುತ್ತಾರೆ. ಮೇಲೆ 'ನಾನು ಚೆಕ್ ಮಾಡಿದ್ದೇನೆ' ಅನ್ನುವ ಧೈರ್ಯ ಬೇರೆ. ಪದೇ ಪದೇ ಹೀಗಾಗುವುದಕ್ಕೆ ಕಾರಣ, ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡುವುದು.

ಹಸಿ ಸುಳ್ಳನ್ನು ಹಿಡಿಯುವುದು ಸುಲಭ. ಲಸಿಕೆಯಲ್ಲಿ ಚಿಪ್ ಇದೆ, 5ಜಿ ಟವರಿನಿಂದ ಕೋವಿಡ್ ಬಂತು ಅನ್ನುವ ಮಾತುಗಳಿಗೆ ಇಷ್ಟೆಲ್ಲ ಹಂತ ಬೇಕಿಲ್ಲ. ನಿಜಕ್ಕೂ ಕಾಡುವುದು ಬೇರೆ ಥರದ ಮೆಸೇಜ್: ಅಂಕಿ ಸರಿ ಇರುತ್ತದೆ, ಅದರ ಬಾಲಕ್ಕೆ ಕಟ್ಟಿದ ತೀರ್ಮಾನ ತಪ್ಪಿರುತ್ತದೆ. ಅದಕ್ಕೇ ಕೆಳಗೆ ಐದನೇ ಹಂತ ಉದ್ದವಾಗಿದೆ. ಉಳಿದದ್ದನ್ನು ಬೇಗ ಓದಿದರೂ ಪರವಾಗಿಲ್ಲ, ಅದೊಂದನ್ನು ನಿಧಾನವಾಗಿ ಓದಿ.

## ಕೈಯಲ್ಲಿ ಇರಬೇಕಾದ್ದು

ಒಂದು ಕಾಗದ, ಪೆನ್ನು. ಫೋನಿನ ಕ್ಯಾಲ್ಕುಲೇಟರ್. ಫೋಟೋ ಎಲ್ಲಿಂದ ಬಂತೆಂದು ಹುಡುಕಲು ಗೂಗಲ್ ಲೆನ್ಸ್ ಅಥವಾ ಟಿನ್‌ಐ. ಅಳಿಸಿಹೋದ ಅಥವಾ ಬದಲಾದ ಪುಟದ ಹಳೆಯ ರೂಪ ನೋಡಲು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನ್. ವೈದ್ಯಕೀಯ ಅಧ್ಯಯನ ಹುಡುಕಲು ಪಬ್‌ಮೆಡ್. ಬೇರೆಯವರು ಈಗಾಗಲೇ ಪರೀಕ್ಷಿಸಿದ್ದಾರಾ ಎಂದು ನೋಡಲು ಗೂಗಲ್‌ನ ಫ್ಯಾಕ್ಟ್ ಚೆಕ್ ಎಕ್ಸ್‌ಪ್ಲೋರರ್. ಇವುಗಳಿಗೆಲ್ಲ ದುಡ್ಡು ಕೊಡಬೇಕಿಲ್ಲ.

ಫ್ಯಾಕ್ಟ್ ಚೆಕ್ ಪುಟವನ್ನು ಮೊದಲೇ ತೆರೆಯಬೇಡಿ. ಅದನ್ನು ಓದಿಬಿಟ್ಟರೆ ನಿಮ್ಮ ಕೆಲಸ ಅಲ್ಲಿಗೆ ನಿಂತುಹೋಗುತ್ತದೆ. ನೀವೇ ಒಂದು ಅಂದಾಜಿಗೆ ಬಂದ ಮೇಲೆ, ಅವರು ನಿಮಗೆ ಸಿಗದ ಯಾವ ದಾಖಲೆ ಹಿಡಿದಿದ್ದಾರೆ ಎಂದು ನೋಡಲು ತೆರೆಯಿರಿ.

## ಹಂತ 1: ಮೆಸೇಜನ್ನು ಬಿಡಿಸಿ ಬರೆಯಿರಿ

ಉದ್ದದ ಮೆಸೇಜ್‌ನಲ್ಲಿ ಐದಾರು ಮಾತುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುತ್ತವೆ. ಒಟ್ಟಿಗೆ ಪರೀಕ್ಷಿಸಲು ಆಗುವುದಿಲ್ಲ. ಒಂದೊಂದು ಮಾತನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಬೈಗುಳ, ಆಶ್ಚರ್ಯಸೂಚಕ, 'ಇದನ್ನು ಯಾರೂ ತೋರಿಸಲ್ಲ' ಇಂಥವನ್ನೆಲ್ಲ ಹೊಡೆದುಹಾಕಿ.

ಒಂದು ಮಾದರಿ ತೆಗೆದುಕೊಳ್ಳೋಣ: 'ಲಸಿಕೆ ಬರೀ ಮೋಸ! ಆಸ್ಪತ್ರೆ ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎರಡೂ ಡೋಸ್ ಹಾಕಿಸಿಕೊಂಡವರೇ. ಆದರೂ ಲಸಿಕೆ ಪಾಸ್ ಇಲ್ಲದೆ ಒಳಗೆ ಬಿಡಲ್ವಂತೆ!'

ಬಿಡಿಸಿದರೆ ಮೂರು ಸಾಲು ಸಿಗುತ್ತದೆ. ಆಸ್ಪತ್ರೆಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡವರು. ಹಾಗಾಗಿ ಲಸಿಕೆ ಕೆಲಸ ಮಾಡುವುದಿಲ್ಲ. ಪಾಸ್ ಕೇಳುವುದು ಅನ್ಯಾಯ.

## ಹಂತ 2: ಪ್ರತಿ ಸಾಲಿಗೂ ಒಂದು ಗುರುತು ಹಾಕಿ

ಅಂಕಿ, ತೀರ್ಮಾನ, ಅಭಿಪ್ರಾಯ. ಮೂರೇ ಗುರುತು. ಮೇಲಿನ ಮಾದರಿಯಲ್ಲಿ ಮೊದಲ ಸಾಲು ಅಂಕಿ, ಎರಡನೆಯದು ತೀರ್ಮಾನ, ಮೂರನೆಯದು ಅಭಿಪ್ರಾಯ.

ಮೊದಲನೆಯದು ನಿಜ ಅಂದ ಮಾತ್ರಕ್ಕೆ ಎರಡನೆಯದು ನಿಜವಾಗಬೇಕಿಲ್ಲ. ಎರಡನೆಯದು ಬಿದ್ದುಹೋದರೂ ಮೂರನೆಯದು ನಿಲ್ಲಬಹುದು. ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಒಪ್ಪಿಯೂ ಪಾಸ್ ಬೇಡ ಅನ್ನುವವರಿದ್ದಾರೆ. ಅವರನ್ನು ಲಸಿಕೆ ವಿರೋಧಿಗಳೆಂದು ಜರೆಯುವುದು ಲೆಕ್ಕ ತಪ್ಪಿದಂತೆಯೇ. ಅಭಿಪ್ರಾಯವನ್ನು ಫ್ಯಾಕ್ಟ್ ಚೆಕ್ ಮಾಡಲು ಬರುವುದಿಲ್ಲ. ಅದು ನಿಂತಿರುವ ಅಂಕಿಯನ್ನು ಪರೀಕ್ಷಿಸಬಹುದು ಅಷ್ಟೇ. ಎಂಟನೇ ಹಂತದಲ್ಲಿ ಇದಕ್ಕೆ ಮತ್ತೆ ಬರುತ್ತೇನೆ.

## ಹಂತ 3: ಮೂಲಕ್ಕೆ ಹೋಗಿ

ಸ್ಕ್ರೀನ್‌ಶಾಟ್ ಮೂಲವಲ್ಲ. 'ಒಬ್ಬ ದೊಡ್ಡ ಡಾಕ್ಟರ್ ಹೇಳಿದ್ದು' ಎಂಬುದೂ ಮೂಲವಲ್ಲ. ಅಂಕಿ ಮೊದಲು ಎಲ್ಲಿ ಪ್ರಕಟವಾಯಿತು? ಆರೋಗ್ಯ ಇಲಾಖೆಯ ಪುಟದಲ್ಲೋ, ಅಧ್ಯಯನದಲ್ಲೋ, ಭಾಷಣದಲ್ಲೋ? ಅಲ್ಲಿಗೆ ತಲುಪುವವರೆಗೆ ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ.

ಫೋಟೋ ಆದರೆ ಗೂಗಲ್ ಲೆನ್ಸ್‌ಗೆ ಹಾಕಿ. 2020ರ ಮಾರ್ಚ್‌ನಲ್ಲಿ ಸಾಲು ಸಾಲು ಶವಪೆಟ್ಟಿಗೆಗಳ ಫೋಟೋವೊಂದು 'ಇಟಲಿಯ ಕೋವಿಡ್ ಸಾವುಗಳು' ಎಂದು ಓಡಾಡಿತು. ಅದು 2013ರ ಅಕ್ಟೋಬರ್‌ನಲ್ಲಿ ಲ್ಯಾಂಪೆಡೂಸಾ ದ್ವೀಪದ ಬಳಿ ವಲಸಿಗರ ದೋಣಿ ದುರಂತದಲ್ಲಿ ಸತ್ತವರದ್ದು. ಆದರೆ ಫೋಟೋ ಹಳೆಯದು ಅಂತ ಗೊತ್ತಾದ ಕೂಡಲೇ 'ಇಟಲಿಯಲ್ಲಿ ಏನೂ ಆಗಲೇ ಇಲ್ಲ' ಎಂದು ಹೊರಟವರೂ ಇದ್ದರು. ಅಲ್ಲಿ ಆ ತಿಂಗಳು ನಿಜಕ್ಕೂ ಸಾವಿರಾರು ಜನ ಸತ್ತಿದ್ದರು. ಸಾಕ್ಷಿ ನಕಲಿ ಅಂದರೆ ಆ ಸಾಕ್ಷಿಯೊಂದು ಹೋಯಿತು, ಘಟನೆ ಹೋಗಲಿಲ್ಲ.

ವಿಡಿಯೋ ಆದರೆ ತುಣುಕನ್ನು ಬಿಟ್ಟು ಪೂರ್ತಿ ವಿಡಿಯೋ ಹುಡುಕಿ. ತುಣುಕಿನ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ ಕೇಳಿದರೆ ಎಷ್ಟೋ ಸಲ ಬೇರೆ ಯಾವ ಪರೀಕ್ಷೆಯೂ ಬೇಕಾಗುವುದಿಲ್ಲ.

## ಹಂತ 4: ತಾರೀಖು ನೋಡಿ

ಎರಡು ತಾರೀಖು ಬರೆದುಕೊಳ್ಳಿ: ಮಾತು ಹೇಳಿದ ದಿನ, ಮೆಸೇಜ್ ಓಡಾಡುತ್ತಿರುವ ದಿನ. ನಡುವೆ ಅಂತರ ಜಾಸ್ತಿಯಿದ್ದರೆ ಎಚ್ಚರ.

'ಪಿಸಿಆರ್ ಪರೀಕ್ಷೆಯಿಂದ ಕೋವಿಡ್ ಪತ್ತೆ ಮಾಡಲು ಆಗದು ಎಂದು ಅದನ್ನು ಕಂಡುಹಿಡಿದವರೇ ಹೇಳಿದ್ದಾರೆ' ಎಂಬ ಮೆಸೇಜ್ ಬಹಳ ಕಾಲ ಓಡಾಡಿತು. ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್ ತೀರಿಕೊಂಡದ್ದು 2019ರ ಆಗಸ್ಟ್‌ನಲ್ಲಿ. ಕೋವಿಡ್‌ನ ಮೊದಲ ರೋಗಿಗಳು ಕಾಣಿಸಿಕೊಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ತಾರೀಖು ನೋಡಿದ್ದರೆ ಸಾಕಿತ್ತು, ಅಲ್ವಾ?

ತಾರೀಖಿನ ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆ 2020ರ ಶುರುವಿನಲ್ಲಿ ಆರೋಗ್ಯವಂತ ಜನಸಾಮಾನ್ಯರೆಲ್ಲ ಮಾಸ್ಕ್ ಹಾಕಬೇಕೆಂದು ಹೇಳಿರಲಿಲ್ಲ. ಅದೇ ವರ್ಷದ ಜೂನ್ 5ರಂದು ಸಲಹೆ ಬದಲಾಯಿಸಿತು: ಸೋಂಕು ಹರಡುತ್ತಿರುವ ಕಡೆ, ಅಂತರ ಕಾಯ್ದುಕೊಳ್ಳಲು ಆಗದ ಜಾಗಗಳಲ್ಲಿ ಬಟ್ಟೆ ಮಾಸ್ಕ್ ಬಳಸಿ ಎಂದಿತು. 'ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ' ಎಂದು 2020ರ ಮಾರ್ಚ್ 28ರಂದು ಟ್ವೀಟ್ ಮಾಡಿದ್ದೂ ಅದೇ ಸಂಸ್ಥೆ. ಮುಂದೆ ಗಾಳಿಯ ಮೂಲಕವೂ ಹರಡುತ್ತದೆ ಎಂದು ಒಪ್ಪಿಕೊಂಡಿತು. ಈ ಹಳೆಯ ಮಾತುಗಳ ಸ್ಕ್ರೀನ್‌ಶಾಟ್ ನಕಲಿಯಲ್ಲ. ನಕಲಿ ಅಂದರೆ ನೀವೇ ತಪ್ಪು ಹೇಳಿದಂತಾಗುತ್ತದೆ. 'ಹೌದು, ಆಗ ಹಾಗೆ ಹೇಳಿದ್ದರು. ಮಾರ್ಚ್ 28ರ ಟ್ವೀಟ್ ಅಂತೂ ಅಗತ್ಯಕ್ಕಿಂತ ಜಾಸ್ತಿ ಖಚಿತವಾಗಿತ್ತು' ಎಂದು ಒಪ್ಪಿಕೊಂಡೇ ಮುಂದೆ ಹೋಗಿ.

## ಹಂತ 5: ಕೆಳಗಿನ ಸಂಖ್ಯೆ ಕೇಳಿ

ಶಾಲೆಯಲ್ಲಿ ಭಿನ್ನರಾಶಿ ಕಲಿತಾಗ ಮೇಲೆ ಅಂಶ, ಕೆಳಗೆ ಛೇದ ಎಂದು ಕಲಿತಿದ್ದೇವೆ. ಮೆಸೇಜ್‌ಗಳು ಅಂಶವನ್ನು ಮಾತ್ರ ಕೊಡುತ್ತವೆ. ಛೇದವನ್ನು ನೀವೇ ಹುಡುಕಬೇಕು.

ಊರಿಗೆ ಊರೇ ಲಸಿಕೆ ಹಾಕಿಸಿಕೊಂಡಿದೆ ಅಂದುಕೊಳ್ಳಿ. ಆಗ ಆಸ್ಪತ್ರೆ ಸೇರುವ ನೂರಕ್ಕೆ ನೂರು ಮಂದಿಯೂ ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ. ಲಸಿಕೆ ಎಷ್ಟೇ ಒಳ್ಳೆಯದಿದ್ದರೂ ಅಷ್ಟೇ. ಹಾಗಾಗಿ 'ರೋಗಿಗಳಲ್ಲಿ ಶೇಕಡಾ ಎಷ್ಟು ಜನ ಲಸಿಕೆಯವರು' ಎಂಬ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 'ಲಸಿಕೆ ಹಾಕಿಸಿಕೊಂಡ ಒಂದು ಲಕ್ಷ ಜನರಲ್ಲಿ ಎಷ್ಟು ಮಂದಿ ರೋಗಿಗಳಾದರು, ಹಾಕಿಸಿಕೊಳ್ಳದ ಒಂದು ಲಕ್ಷದಲ್ಲಿ ಎಷ್ಟು' ಎಂದು ಕೇಳಬೇಕು.

ಈಗ ನಿಜವಾದ ಅಂಕಿ ಹಿಡಿಯೋಣ. 2021ರ ಆಗಸ್ಟ್ 15ರಂದು ಇಸ್ರೇಲಿನಲ್ಲಿ ಕೋವಿಡ್ ತೀವ್ರವಾಗಿ ಆಸ್ಪತ್ರೆಯಲ್ಲಿದ್ದವರು 515 ಜನ. ಅವರಲ್ಲಿ 301 ಮಂದಿ ಎರಡೂ ಡೋಸ್ ಹಾಕಿಸಿಕೊಂಡವರು. ಅಂದರೆ ಶೇಕಡಾ 58. ಈ ಅಂಕಿ ಲೋಕವೆಲ್ಲ ಸುತ್ತಿತು. ಅಂಕಿ ಸರಿಯಾಗಿಯೇ ಇತ್ತು. ಕಾಗದ ತೆಗೆದುಕೊಂಡು ಇದನ್ನು ಹೀಗೆ ಬಿಡಿಸಿ.

1. ಒಟ್ಟು ಜನಸಂಖ್ಯೆ ಸೇರಿಸಿ. 12 ವರ್ಷ ದಾಟಿದವರಲ್ಲಿ ಎರಡೂ ಡೋಸ್ ಆಗಿದ್ದವರು ಸುಮಾರು 56.3 ಲಕ್ಷ, ಲಸಿಕೆಯೇ ಇಲ್ಲದವರು ಸುಮಾರು 13 ಲಕ್ಷ. ಲಸಿಕೆಯವರಲ್ಲಿ ಲಕ್ಷಕ್ಕೆ 5.3 ಮಂದಿ ತೀವ್ರ ಸ್ಥಿತಿಯಲ್ಲಿದ್ದರು. ಲಸಿಕೆ ಇಲ್ಲದವರಲ್ಲಿ ಲಕ್ಷಕ್ಕೆ 16.4. ಈಗಾಗಲೇ ಚಿತ್ರ ತಿರುಗಿತು, ಅಪಾಯದಲ್ಲಿ ಮೂರು ಪಟ್ಟು ವ್ಯತ್ಯಾಸ.

2. ವಯಸ್ಸಿನಂತೆ ಬೇರೆ ಮಾಡಿ. 50 ವರ್ಷದ ಒಳಗಿನವರಲ್ಲಿ ಲಸಿಕೆ ಇಲ್ಲದೆ ತೀವ್ರವಾಗಿದ್ದವರು 43, ಲಸಿಕೆಯವರು 11. ಲಕ್ಷಕ್ಕೆ ಲೆಕ್ಕ ಹಾಕಿದರೆ 3.9 ಮತ್ತು 0.3. ಹನ್ನೆರಡು ಪಟ್ಟು ವ್ಯತ್ಯಾಸ. 50 ದಾಟಿದವರಲ್ಲಿ ಲಸಿಕೆ ಇಲ್ಲದವರು 171, ಲಸಿಕೆಯವರು 290. ಇಲ್ಲಿ ಲಸಿಕೆಯವರೇ ಜಾಸ್ತಿ ಕಾಣುತ್ತಾರೆ. ಆದರೆ ಈ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡವರು 21 ಲಕ್ಷಕ್ಕೂ ಹೆಚ್ಚು, ಹಾಕಿಸಿಕೊಳ್ಳದವರು 1.86 ಲಕ್ಷ ಮಾತ್ರ. ಲಕ್ಷಕ್ಕೆ 13.6 ಮತ್ತು 91.9. ಸುಮಾರು ಏಳು ಪಟ್ಟು.

ಒಟ್ಟಾಗಿ ನೋಡಿದರೆ ಮೂರು ಪಟ್ಟು, ಬಿಡಿಸಿ ನೋಡಿದರೆ ಹನ್ನೆರಡು ಮತ್ತು ಏಳು. ಇದು ಹೇಗೆ ಸಾಧ್ಯ? ಲಸಿಕೆಯವರ ಗುಂಪಿನಲ್ಲಿ ವಯಸ್ಸಾದವರು ತುಂಬಿದ್ದರು. ಲಸಿಕೆ ಇಲ್ಲದವರ ಗುಂಪಿನಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು, ಅವರಿಗೆ ಮೊದಲೇ ಅಪಾಯ ಕಡಿಮೆ. ಶೂ ಹಾಕಿದ ಅಜ್ಜಂದಿರ ತಂಡವನ್ನೂ ಬರಿಗಾಲಿನ ಹುಡುಗರ ತಂಡವನ್ನೂ ಓಡಿಸಿ, ಹುಡುಗರು ಗೆದ್ದದ್ದು ಶೂ ಹಾಕದ್ದರಿಂದ ಎಂದ ಹಾಗಾಗುತ್ತದೆ.

ಇಲ್ಲಿಗೇ ಮುಗಿಯಿತು ಎಂದುಕೊಳ್ಳಬೇಡಿ. ಈ ಲೆಕ್ಕದಲ್ಲೂ ಹಿಂದೆ ಸೋಂಕು ತಗುಲಿದವರು ಯಾರು, ಡೋಸ್ ಹಾಕಿಸಿಕೊಂಡು ಎಷ್ಟು ತಿಂಗಳಾಯಿತು ಎಂಬುದು ಬಂದಿಲ್ಲ. ವಯಸ್ಸಿನಂತೆ ಬೇರೆ ಮಾಡುವುದು ಕನಿಷ್ಠ ಕೆಲಸ.

'ಲಸಿಕೆ ಹಾಕಿಸಿಕೊಂಡವರು' ಅಂದರೆ ಯಾರು? ಟೇಬಲ್‌ನ ಕೆಳಗಿನ ಸಣ್ಣ ಅಕ್ಷರ ಓದಿ. ಎಷ್ಟೋ ವರದಿಗಳಲ್ಲಿ ಎರಡನೇ ಡೋಸ್ ಆಗಿ 14 ದಿನ ಕಳೆದ ಮೇಲಷ್ಟೇ 'ಪೂರ್ಣ ಲಸಿಕೆ' ಎಂದು ಎಣಿಸುತ್ತಿದ್ದರು. ನಡುವಿನವರನ್ನು ಎಲ್ಲಿ ಹಾಕಿದರು? ಒಂದು ಡೋಸ್‌ನವರು ಎಲ್ಲಿ ಹೋದರು? ಬೂಸ್ಟರ್ ಬಂದ ಮೇಲೆ ಎರಡು ಡೋಸ್‌ನವರು ಯಾವ ಸಾಲಿನಲ್ಲಿದ್ದಾರೆ? ಈ ಪ್ರಶ್ನೆ ಕೇಳುವವರನ್ನು ಪಿತೂರಿ ಹುಡುಕುವವರು ಎಂದು ನಗುವುದು ತಪ್ಪು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಾಮಾನ್ಯವಾಗಿ ಅದೇ ವರದಿಯಲ್ಲಿ ಇರುತ್ತದೆ, ಅಷ್ಟೇ.

## ಹಂತ 6: 'ಆಮೇಲೆ ಆಯಿತು' ಮತ್ತು 'ಅದರಿಂದ ಆಯಿತು' ಬೇರೆ ಮಾಡಿ

ಲಸಿಕೆಯ ನಂತರದ ಸಾವು, ಹೃದಯಾಘಾತದ ಮೆಸೇಜ್‌ಗಳಲ್ಲಿ ಹೆಚ್ಚಾಗಿ ಬರುವ ಹೆಸರು ವೇರ್ಸ್, ಅಂದರೆ ಲಸಿಕೆಯ ನಂತರ ಕಂಡ ತೊಂದರೆಗಳನ್ನು ದಾಖಲಿಸುವ ಅಮೆರಿಕದ ವ್ಯವಸ್ಥೆ. 1990ರಿಂದ ಇರುವ ಈ ವ್ಯವಸ್ಥೆಗೆ ಡಾಕ್ಟರೂ ವರದಿ ಮಾಡಬಹುದು, ರೋಗಿಯೂ ಮಾಡಬಹುದು, ಮನೆಯವರೂ ಮಾಡಬಹುದು. ಲಸಿಕೆಯೇ ಕಾರಣ ಎಂದು ತೋರಿಸಬೇಕಿಲ್ಲ. ಫ್ಲೂ ಲಸಿಕೆಯಿಂದ ತಾನು ಕಾಮಿಕ್ಸ್‌ನ ಹಲ್ಕ್ ಆಗಿಬಿಟ್ಟೆ ಎಂದು ವೈದ್ಯರೊಬ್ಬರು ಬೇಕೆಂದೇ ವರದಿ ಹಾಕಿದ್ದರು. ಅದೂ ದಾಖಲಾಗಿತ್ತು!

ಹಾಗೆಂದು ವೇರ್ಸ್ ಕಸ ಎಂದು ಎಸೆಯಬೇಡಿ. ಜಾನ್ಸನ್ ಅಂಡ್ ಜಾನ್ಸನ್ ಲಸಿಕೆಯ ನಂತರ ಅಪರೂಪದ ರಕ್ತ ಹೆಪ್ಪುಗಟ್ಟುವಿಕೆ ಕಂಡದ್ದು ಇಂಥ ವರದಿಗಳಿಂದಲೇ. 68 ಲಕ್ಷಕ್ಕೂ ಹೆಚ್ಚು ಡೋಸ್ ಕೊಟ್ಟಾಗ 6 ಪ್ರಕರಣ ಕಂಡವು. 2021ರ ಏಪ್ರಿಲ್ 13ರಂದು ಆ ಲಸಿಕೆ ನಿಲ್ಲಿಸಿ ಪರಿಶೀಲಿಸಿ ಎಂದು ಅಧಿಕಾರಿಗಳು ಹೇಳಿದರು. ವರದಿಗಳ ಕೆಲಸ ಅನುಮಾನ ಎಬ್ಬಿಸುವುದು. ಕಾರಣ ಹೌದೋ ಅಲ್ಲವೋ ಎಂದು ಹೇಳಲು ಬೇರೆ ಲೆಕ್ಕ ಬೇಕು.

ಆ ಲೆಕ್ಕದ ಮೊದಲ ಮೆಟ್ಟಿಲು ಹೀಗೆ: ಲಸಿಕೆಯೇ ಇಲ್ಲದಿದ್ದರೂ ಎಷ್ಟು ಆಗುತ್ತಿತ್ತು? ವರ್ಷಕ್ಕೆ ನೂರಕ್ಕೆ ನಾಲ್ವರು ಸಾಯುವ ವಯಸ್ಸಿನ 10 ಲಕ್ಷ ವೃದ್ಧರಿದ್ದಾರೆ ಎಂದುಕೊಳ್ಳಿ. ವರ್ಷಕ್ಕೆ 40,000 ಸಾವು. ವಾರಕ್ಕೆ ಸುಮಾರು 770. ಅವರಿಗೆಲ್ಲ ಒಂದೇ ದಿನ ಬರೀ ಉಪ್ಪುನೀರು ಚುಚ್ಚಿದರೂ ಮುಂದಿನ ವಾರದಲ್ಲಿ 770 ಮಂದಿ ತೀರಿಕೊಂಡಿರುತ್ತಾರೆ. ವರದಿಯಾದ ಸಂಖ್ಯೆ ಇದಕ್ಕಿಂತ ಗಣನೀಯವಾಗಿ ಹೆಚ್ಚಿದೆಯೇ ಎಂದು ನೋಡಬೇಕು.

ಒಬ್ಬೊಬ್ಬರ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. 2021ರ ಜೂನ್ 12ರಂದು ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲಿ ಕುಸಿದುಬಿದ್ದರು. ಕೆಲವೇ ಗಂಟೆಗಳಲ್ಲಿ 'ಹೋದ ತಿಂಗಳು ಲಸಿಕೆ ಹಾಕಿಸಿಕೊಂಡಿದ್ದರು' ಎಂಬ ಸುದ್ದಿ ಹರಡಿತು. ಅವರಿಗೆ ಲಸಿಕೆಯೇ ಆಗಿಲ್ಲ ಎಂದು ಅವರ ಕ್ಲಬ್ಬಿನ ನಿರ್ದೇಶಕರು ಹೇಳಿದರು. ಬೇರೆಯವರ ಲಸಿಕೆಯ ವಿಷಯ ನಿಮಗೆ ಗೊತ್ತಿರುವ ಸಾಧ್ಯತೆ ಬಹಳ ಕಡಿಮೆ. ಊಹಿಸಿ ಬರೆಯಬೇಡಿ.

ಇದೇ ಅಳತೆಯನ್ನು ಇನ್ನೊಂದು ಕಡೆಗೂ ಹಿಡಿಯಿರಿ. 'ಅಡ್ಡಪರಿಣಾಮವೇ ಇಲ್ಲ' ಅನ್ನುವುದೂ ಸುಳ್ಳು. ಎಂಆರ್‌ಎನ್‌ಎ ಲಸಿಕೆಗಳ (ಫೈಜರ್, ಮಾಡರ್ನಾದಂಥವು) ನಂತರ ಹೃದಯದ ಸ್ನಾಯುವಿನ ಉರಿಯೂತ ಅಪರೂಪಕ್ಕೆ ಕಂಡಿದೆ. ಹದಿಹರೆಯದ ಮತ್ತು ಯುವ ಗಂಡಸರಲ್ಲಿ, ಎರಡನೇ ಡೋಸ್ ನಂತರ ಅದು ಜಾಸ್ತಿ. ಇದನ್ನು ಹೇಳಿದವರಿಗೆ 'ಫೇಕ್' ಎಂದು ಉತ್ತರಿಸಿದರೆ ಮುಂದೆ ನಿಮ್ಮ ಯಾವ ಮಾತನ್ನೂ ಅವರು ಕೇಳುವುದಿಲ್ಲ.

## ಹಂತ 7: 'ಅಧ್ಯಯನ ಹೇಳಿದೆ' ಅಂದರೆ ಯಾವ ಅಧ್ಯಯನ ಎಂದು ಕೇಳಿ

ಇಲ್ಲಿ ಮೂರು ಕೆಲಸ.

ವಾಪಸ್ ಪಡೆದಿದ್ದಾರಾ ನೋಡಿ. ಅಧ್ಯಯನದ ಹೆಸರನ್ನು ಪಬ್‌ಮೆಡ್‌ಗೆ ಹಾಕಿ. ಹಿಂದಕ್ಕೆ ಪಡೆದಿದ್ದರೆ ಅಲ್ಲಿ ಸಾಮಾನ್ಯವಾಗಿ ಎದ್ದು ಕಾಣುವಂತೆ ಬರೆದಿರುತ್ತಾರೆ. ಎಂಎಂಆರ್ ಲಸಿಕೆಗೂ (ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಮಕ್ಕಳಿಗೆ ಹಾಕುವುದು) ಆಟಿಸಂಗೂ ನಂಟು ಹಚ್ಚಿದ, 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಬರೀ 12 ಮಕ್ಕಳ ಮೇಲಿನದು. ಅದನ್ನು ಹಿಂದಕ್ಕೆ ಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಅದು ಮಾಡುವಷ್ಟು ಹಾನಿ ಮಾಡಿ ಆಗಿತ್ತು. ಕೋವಿಡ್‌ಗೆ ಕೊಡುತ್ತಿದ್ದ ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಸಾವು ಹೆಚ್ಚುತ್ತದೆ ಎಂದು 2020ರ ಮೇನಲ್ಲಿ ಅದೇ ಪತ್ರಿಕೆಯಲ್ಲಿ ಬಂದ ದೊಡ್ಡ ಲೇಖನವನ್ನು ಎರಡೇ ವಾರದಲ್ಲಿ ಹಿಂದಕ್ಕೆ ಪಡೆದರು, ಏಕೆಂದರೆ ಅದರ ಮೂಲ ದತ್ತಾಂಶವನ್ನು ಯಾರಿಗೂ ಪರಿಶೀಲಿಸಲು ಕೊಡಲಿಲ್ಲ. ಕೋವಿಡ್‌ಗೆ ಮದ್ದು ಎಂದು ಕೆಲವರು ಹೇಳುತ್ತಿದ್ದ ಐವರ್‌ಮೆಕ್ಟಿನ್ ಪರವಾಗಿ ಎಲ್ಲರೂ ತೋರಿಸುತ್ತಿದ್ದ ಒಂದು ಪ್ರಿಪ್ರಿಂಟ್ 2021ರ ಜುಲೈನಲ್ಲಿ ಮಾಯವಾಯಿತು. ಒಂದು ಪರ, ಒಂದು ವಿರೋಧ. ಕೆಟ್ಟ ಅಧ್ಯಯನಗಳಿಗೆ ಪಕ್ಷವಿಲ್ಲ.

ಪ್ರಿಪ್ರಿಂಟ್ ಅಂದರೆ ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಹಾಕಿದ ಕರಡು. ಸುಳ್ಳು ಎಂದಲ್ಲ, ಬೆಂದಿಲ್ಲ ಎಂದಷ್ಟೇ.

ಶೇಕಡಾ ಯಾವುದರದ್ದು ಎಂದು ಕೇಳಿ. ಫೈಜರ್ ಲಸಿಕೆಯ 2020ರ ಪ್ರಯೋಗದಲ್ಲಿ ಎರಡೂ ಗುಂಪಿನಲ್ಲಿ ಲೆಕ್ಕಕ್ಕೆ ಬಂದವರು ತಲಾ ಸುಮಾರು 18,000. ಲಸಿಕೆ ಗುಂಪಿನಲ್ಲಿ 8 ಮಂದಿಗೆ, ಬರೀ ಉಪ್ಪುನೀರಿನ ಗುಂಪಿನಲ್ಲಿ 162 ಮಂದಿಗೆ ಕೋವಿಡ್ ಬಂತು. 162ರಿಂದ 8ಕ್ಕೆ ಇಳಿಯಿತು, ಶೇಕಡಾ 95 ರಕ್ಷಣೆ. 'ನಿಜವಾದ ಲಾಭ ಶೇಕಡಾ 1 ಕೂಡ ಇಲ್ಲ, ಮುಚ್ಚಿಟ್ಟರು' ಎಂಬ ಮೆಸೇಜ್ ಕೂಡ ಇದೇ ಅಂಕಿಯಿಂದ ಬಂದದ್ದು. 18,000 ಚಿಲ್ಲರೆಯಲ್ಲಿ 162 ಅಂದರೆ ಶೇಕಡಾ 0.88ರಷ್ಟು, 8 ಅಂದರೆ 0.04. ವ್ಯತ್ಯಾಸ ಶೇಕಡಾ 0.84. ಎರಡೂ ಲೆಕ್ಕ ಸರಿ. ಆದರೆ ಎರಡನೆಯದು ಎಷ್ಟು ದಿನ ನೋಡಿದಿರಿ, ಸುತ್ತ ಎಷ್ಟು ಸೋಂಕಿತ್ತು ಎಂಬುದರ ಮೇಲೆ ಏರಿಳಿಯುತ್ತದೆ. ಅಲ್ಲಿ ನೋಡಿದ್ದು ಸುಮಾರು ಎರಡು ತಿಂಗಳು. ಇನ್ನೂ ಹೆಚ್ಚು ಕಾಲ ನೋಡಿದ್ದರೆ, ಸೋಂಕು ಹರಡುತ್ತಲೇ ಇದ್ದಿದ್ದರೆ, ಆ 0.84 ದೊಡ್ಡದಾಗುತ್ತಿತ್ತು.

ಅಡ್ಡಪರಿಣಾಮದ ಮೆಸೇಜ್‌ಗಳಲ್ಲಿ ಇದು ಉಲ್ಟಾ ಆಗುತ್ತದೆ. 'ಅಪಾಯ ಐದು ಪಟ್ಟು' ಎಂದಿರುತ್ತದೆ. ಎಷ್ಟರ ಐದು ಪಟ್ಟು ಎಂದು ಇರುವುದಿಲ್ಲ. ಲಾಭಕ್ಕೊಂದು ಅಳತೆ, ಅಪಾಯಕ್ಕೆ ಇನ್ನೊಂದು ಅಳತೆ ಹಿಡಿದ ಬರಹ ಕಂಡರೆ ಅಲ್ಲೇ ನಿಲ್ಲಿ. ಬರೆದವರು ಯಾವ ಪಕ್ಷದವರೇ ಆಗಿರಲಿ.

'ಸಾಬೀತಾಗಿಲ್ಲ' ಮತ್ತು 'ಸುಳ್ಳೆಂದು ಸಾಬೀತಾಯಿತು' ಬೇರೆ ಬೇರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯಿಂದ 2023ರ ಶುರುವಿನಲ್ಲಿ ಬಂದ ವಿಮರ್ಶೆಯನ್ನು ಹಿಡಿದು 'ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ಖಚಿತವಾಯಿತು' ಎಂದು ಬರೆದವರಿದ್ದರು. ಆ ವರ್ಷದ ಮಾರ್ಚ್‌ನಲ್ಲಿ ಕೊಕ್ರೇನ್‌ನ ಮುಖ್ಯ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಅವರೇ ಆ ಅರ್ಥ ಸರಿಯಲ್ಲ ಎಂದು ಹೇಳಿಕೆ ಕೊಟ್ಟರು. ಮಾಸ್ಕ್ ಹಾಕಲು ಜನರನ್ನು ಪ್ರೋತ್ಸಾಹಿಸಿದರೆ ಹರಡುವಿಕೆ ಕಡಿಮೆಯಾಗುತ್ತದೆಯೇ ಎಂದು ನೋಡಿದ್ದರು, ಫಲಿತಾಂಶ ಖಚಿತವಾಗಿರಲಿಲ್ಲ. ಅದೇ ವಿಮರ್ಶೆಯನ್ನು ಹಿಡಿದು 'ಮಾಸ್ಕ್ ಕೆಲಸ ಮಾಡುತ್ತದೆ' ಎಂದೂ ಹೇಳಲಾಗದು ಎಂಬುದನ್ನು ಮರೆಯಬೇಡಿ.

## ಹಂತ 8: ನಿರ್ಬಂಧಗಳ ವಾದ ಬಂದರೆ ಪ್ರಶ್ನೆಯನ್ನು ಚಿಕ್ಕದು ಮಾಡಿ

'ಲಾಕ್‌ಡೌನ್ ಕೆಲಸ ಮಾಡಿತಾ?' ಇದಕ್ಕೆ ಉತ್ತರ ಹುಡುಕಲು ಹೊರಟವರು ವಾಪಸ್ ಬಂದದ್ದಿಲ್ಲ. ಲಾಕ್‌ಡೌನ್ ಒಂದೇ ವಸ್ತುವಲ್ಲ. ಗಡಿ ಮುಚ್ಚುವುದು, ಶಾಲೆ ಮುಚ್ಚುವುದು, ಮನೆಯಿಂದ ಹೊರಗೆ ಬರಬಾರದು ಎನ್ನುವುದು, ಗುಂಪು ಸೇರುವುದಕ್ಕೆ ಮಿತಿ ಹಾಕುವುದು ಬೇರೆ ಬೇರೆ ಕ್ರಮಗಳು. ಯಾವ ಕ್ರಮ, ಎಲ್ಲಿ, ಯಾವಾಗ, ಯಾವುದಕ್ಕೆ ಹೋಲಿಸಿ ಎಂದು ನಾಲ್ಕನ್ನೂ ಬರೆದುಕೊಂಡ ಮೇಲೆ ಹುಡುಕಿ.

ಸ್ವೀಡನ್ ಇದಕ್ಕೆ ಒಳ್ಳೆಯ ಪಾಠ. 'ಅಲ್ಲಿ ಏನೂ ನಿರ್ಬಂಧವಿರಲಿಲ್ಲ' ಎಂಬುದೇ ತಪ್ಪು. 2020ರ ಮಾರ್ಚ್ ಕೊನೆಗೆ 50ಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಿದ್ದರು, ದೊಡ್ಡ ಮಕ್ಕಳ ಪಾಠ ಆನ್‌ಲೈನ್‌ಗೆ ಹೋಗಿತ್ತು, ಚಿಕ್ಕ ಮಕ್ಕಳ ಶಾಲೆ ತೆರೆದಿತ್ತು. 2020ನ್ನು ಮಾತ್ರ ಕತ್ತರಿಸಿ ನಾರ್ವೆ, ಫಿನ್ಲೆಂಡ್ ಪಕ್ಕ ಇಟ್ಟರೆ ಸ್ವೀಡನ್‌ನಲ್ಲಿ ಸಾವು ಬಹಳ ಜಾಸ್ತಿ. 2020ರಿಂದ 2022ರವರೆಗೆ ಒಟ್ಟು ಹೆಚ್ಚುವರಿ ಸಾವು (ಸಾಮಾನ್ಯ ವರ್ಷಗಳಲ್ಲಿ ಆಗುವುದಕ್ಕಿಂತ ಮೇಲಿನ ಸಾವು) ತೆಗೆದು ಇಡೀ ಯುರೋಪಿನ ಪಕ್ಕ ಇಟ್ಟರೆ ಕಡಿಮೆ ಇದ್ದ ದೇಶಗಳ ಸಾಲಿನಲ್ಲಿ ಬರುತ್ತದೆ. ಎರಡೂ ಪಾಳಯದವರು ತಮಗೆ ಬೇಕಾದ ತುಂಡು ತೋರಿಸುತ್ತಾರೆ. ಗ್ರಾಫ್ ಕಂಡಾಗ ಮೊದಲು ನೋಡಬೇಕಾದ್ದು ಅದು ಶುರುವಾಗುವ ತಾರೀಖು, ಮುಗಿಯುವ ತಾರೀಖು, ಪಕ್ಕದಲ್ಲಿ ಯಾರನ್ನು ನಿಲ್ಲಿಸಿದ್ದಾರೆ ಎಂಬುದು.

ಲಸಿಕೆ ಪಾಸ್ ವಿಷಯವೂ ಹೀಗೇ. ಯುರೋಪಿಯನ್ ಒಕ್ಕೂಟದ ಕೋವಿಡ್ ಸರ್ಟಿಫಿಕೇಟ್ 2021ರ ಜುಲೈ 1ರಿಂದ 2023ರ ಜೂನ್ 30ರವರೆಗೆ ಚಾಲ್ತಿಯಲ್ಲಿತ್ತು. ಅದರಲ್ಲಿ ಲಸಿಕೆ ಮಾತ್ರವಲ್ಲ, ಸೋಂಕಿನಿಂದ ಗುಣವಾದದ್ದೂ ನೆಗೆಟಿವ್ ಟೆಸ್ಟೂ ನಡೆಯುತ್ತಿತ್ತು. ದೇಶದೊಳಗೆ ಎಲ್ಲೆಲ್ಲಿ ಕೇಳಬೇಕು ಎಂಬುದು ಆಯಾ ದೇಶದ ನಿರ್ಧಾರ. ಹಾಗಾಗಿ ಯಾವ ಪಾಸ್ ಎಂದು ಮೊದಲು ಕೇಳಿ.

ಪಾಸ್‌ನ ಪರವಾಗಿದ್ದ ದೊಡ್ಡ ವಾದ, ಲಸಿಕೆ ಹರಡುವಿಕೆಯನ್ನು ತಡೆಯುತ್ತದೆ ಎಂಬುದು. 2022ರ ಅಕ್ಟೋಬರ್‌ನಲ್ಲಿ ಫೈಜರ್ ಪ್ರತಿನಿಧಿಯೊಬ್ಬರು ಯುರೋಪಿಯನ್ ಪಾರ್ಲಿಮೆಂಟಿನ ಸಮಿತಿ ಮುಂದೆ, ಮಾರುಕಟ್ಟೆಗೆ ಬರುವ ಮೊದಲು ಹರಡುವಿಕೆಯನ್ನು ಪರೀಕ್ಷಿಸಿರಲಿಲ್ಲ ಎಂದರು. 'ರಹಸ್ಯ ಬಯಲು' ಎಂದು ಅದು ಓಡಾಡಿತು. ರಹಸ್ಯವೇನೂ ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಅನುಮತಿ ಕೊಡುವಾಗಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹರಡುವಿಕೆ ತಡೆಯುತ್ತದೆ ಎನ್ನಲು ಪುರಾವೆ ಇಲ್ಲ ಎಂದು ಬರೆದಿತ್ತು. ಆದರೆ 2021ರಲ್ಲಿ 'ಲಸಿಕೆ ಹಾಕಿಸಿಕೊಂಡರೆ ನಿಮ್ಮಿಂದ ಹರಡುವುದೇ ಇಲ್ಲ' ಎಂಬಂತೆ ಮಾತಾಡಿದ ನಾಯಕರೂ ಇದ್ದರು. ಅವರೂ ಪುರಾವೆ ದಾಟಿಯೇ ಹೋದರು. ಆ ವರ್ಷದ ಕೊನೆಗೆ ಒಮಿಕ್ರಾನ್ ಬಂದ ಮೇಲೆ ಸೋಂಕು ತಗುಲದಂತೆ ಲಸಿಕೆ ಕೊಡುವ ರಕ್ಷಣೆ ಬಹಳ ಇಳಿಯಿತು, ಕಾಯಿಲೆ ತೀವ್ರವಾಗದಂತೆ ಕೊಡುವ ರಕ್ಷಣೆ ಅಷ್ಟಾಗಿ ಇಳಿಯಲಿಲ್ಲ. 2021ರ ಮಧ್ಯದಲ್ಲಿ ಗಟ್ಟಿಯಾಗಿದ್ದ ವಾದ 2022ರಲ್ಲಿ ಪೊಳ್ಳಾಗಲು ಯಾರೂ ಸುಳ್ಳು ಹೇಳಬೇಕಿಲ್ಲ.

## ನಡುವೆ ಕಣ್ಣಿಡಬೇಕಾದ ಅಪಾಯದ ಗುರುತುಗಳು

ಮೆಸೇಜ್‌ನಲ್ಲಿ: 'ಡಿಲೀಟ್ ಆಗುವ ಮುಂಚೆ ಶೇರ್ ಮಾಡಿ' ಎಂಬ ಅವಸರ. ತಾರೀಖಿಲ್ಲದ ಗ್ರಾಫ್. ಹೆಸರಿಲ್ಲದ ತಜ್ಞರು. ಕೊನೆಯಲ್ಲಿ ಏನನ್ನೋ ಮಾರುವ ಲಿಂಕು. ಈ ಕೊನೆಯದು ಕಂಡರೆ ಉಳಿದ ಹಂತಗಳನ್ನು ಬಿಟ್ಟುಬಿಡಿ.

ನಿಮ್ಮಲ್ಲಿ: ಓದಿದ ಕೂಡಲೇ 'ನಾನು ಹೇಳಿರಲಿಲ್ವಾ' ಎನಿಸಿದರೆ ಅದೂ ಒಂದು ಗುರುತೇ. ಇಷ್ಟವಾಗದ ಮೆಸೇಜನ್ನು ಎಂಟು ಹಂತ ಹತ್ತಿಸಿ, ಇಷ್ಟವಾದದ್ದನ್ನು ಸುಮ್ನೆ ಮುಂದೆ ತಳ್ಳುವುದು ಎಲ್ಲರಲ್ಲೂ ಇರುವ ಚಟ.

## ಹಂತ 9: ಉತ್ತರ ಬರೆಯುವುದು

ಗುಂಪಿನಲ್ಲಿ ಎಲ್ಲರೆದುರು ತಿದ್ದುವುದಕ್ಕಿಂತ ಒಬ್ಬರಿಗೇ ಬರೆಯುವುದು ಮೇಲು. ಮರ್ಯಾದೆ ಪ್ರಶ್ನೆ ಬಂದ ಮೇಲೆ ಅಂಕಿಗೆ ಬೆಲೆ ಇರುವುದಿಲ್ಲ. ನಿಜವಾದ ಭಾಗವನ್ನು ಮೊದಲು ಒಪ್ಪಿ. ಒಂದೇ ತಪ್ಪನ್ನು ತೋರಿಸಿ, ಆರನ್ನಲ್ಲ. ಮೂಲದ ಒಂದು ಲಿಂಕು ಸಾಕು. ಹೀಗೆ ಬರೆಯಬಹುದು:

'ಚಿಕ್ಕಪ್ಪ, ನೀವು ಕಳಿಸಿದ ಇಸ್ರೇಲಿನ ಅಂಕಿ ಸರಿಯಾಗಿದೆ, ನಾನೂ ನೋಡಿದೆ. ಆದರೆ ಅಲ್ಲಿ 50 ದಾಟಿದವರಲ್ಲಿ ಲಸಿಕೆ ಹಾಕಿಸಿಕೊಂಡವರು 21 ಲಕ್ಷ, ಹಾಕಿಸಿಕೊಳ್ಳದವರು 2 ಲಕ್ಷವೂ ಇಲ್ಲ. ಲಕ್ಷಕ್ಕೆ ಲೆಕ್ಕ ಹಾಕಿದರೆ 14ಕ್ಕೆ 92 ಬರುತ್ತದೆ. ಪಾಸ್ ಬೇಕೋ ಬೇಡವೋ ಅನ್ನುವುದು ಬೇರೆ ಮಾತು, ಅದರಲ್ಲಿ ನಿಮ್ಮ ಕಡೆಯೂ ನ್ಯಾಯವಿದೆ. ಈ ಲೆಕ್ಕ ಒಮ್ಮೆ ನೋಡಿ.'

ಅವರು ಒಪ್ಪದಿದ್ದರೆ ಎರಡನೇ ಸಲ ಬರೆಯಬೇಡಿ. ಅವರ ಪ್ರಶ್ನೆ ಅವರದೇ ಲಸಿಕೆ, ಅವರದೇ ಕಾಯಿಲೆ ಬಗ್ಗೆ ಆಗಿದ್ದರೆ ವೈದ್ಯರ ಹತ್ತಿರ ಕಳಿಸಿ. ಈ ಹಂತಗಳು ಮೆಸೇಜ್ ಪರೀಕ್ಷಿಸಲು ಮಾತ್ರ, ಚಿಕಿತ್ಸೆ ನಿರ್ಧರಿಸಲು ಅಲ್ಲ. ವಾದ ಗೆಲ್ಲಲು ನಿಮ್ಮ ಲಸಿಕೆ ಸರ್ಟಿಫಿಕೇಟಿನ ಫೋಟೋ ಹಾಕಬೇಡಿ, ಬೇರೆಯವರದ್ದಂತೂ ಬೇಡವೇ ಬೇಡ. ಅದರ ಕ್ಯೂಆರ್ ಕೋಡಿನಲ್ಲಿ ಹೆಸರು, ಹುಟ್ಟಿದ ದಿನದಂಥ ವಿವರ ಇರಬಹುದು.

## ಹಂತ 10: ಆಗಲೇ ಫಾರ್ವರ್ಡ್ ಮಾಡಿಬಿಟ್ಟಿದ್ದರೆ

ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ವಾಟ್ಸಾಪ್‌ನಲ್ಲಿ ಸ್ವಲ್ಪ ಕಾಲದವರೆಗೆ ಮಾತ್ರ ಇರುತ್ತದೆ. ಅಳಿಸಿದರೂ ಓದಿದವರ ತಲೆಯಿಂದ ಅದು ಹೋಗುವುದಿಲ್ಲ. ಹಾಗಾಗಿ ಎಲ್ಲೆಲ್ಲಿ ಕಳಿಸಿದ್ದಿರೋ ಅಲ್ಲೆಲ್ಲ ಎರಡು ಸಾಲು ಹಾಕಿ: ಯಾವ ಮೆಸೇಜ್, ಯಾವ ಭಾಗ ತಪ್ಪು. ಕ್ಷಮೆ ಕೇಳುತ್ತಾ ಉದ್ದ ಬರೆದರೆ ತಪ್ಪು ಯಾವುದು ಎಂಬುದೇ ಮುಚ್ಚಿಹೋಗುತ್ತದೆ. ಹಳೆಯ ಮೆಸೇಜಿಗೇ ರಿಪ್ಲೈ ಮಾಡಿ, ಆಗ ಮೇಲೆ ಹುಡುಕಿಕೊಂಡು ಹೋದವರಿಗೂ ಎರಡೂ ಒಟ್ಟಿಗೆ ಕಾಣುತ್ತದೆ.